ಕಮಟು ಹಿಡಿದ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಸೋಪು ಮಾಡಬಹುದಾ? ಮಷಿನ್‌ಗೂ ಆಗುತ್ತಾ?

ತೋಟದಮನೆ, ಹೊಸನಗರ:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗಾಣದಲ್ಲಿ ಆಡಿಸಿಕೊಂಡು ಬಂದ ಕೊಬ್ಬರಿ ಎಣ್ಣೆ ಒಂದು ಕ್ಯಾನು ಹಾಗೇ ಉಳಿದುಬಿಟ್ಟಿದೆ. ಮಳೆಗಾಲಕ್ಕೆ ಮುಚ್ಚಳ ಸಡಿಲವಾಗಿತ್ತೋ, ಕೊಬ್ಬರಿಯೇ ಸರಿಯಾಗಿ ಒಣಗಿರಲಿಲ್ಲವೋ, ಈಗ ಕಮಟು ವಾಸನೆ. ಅಡುಗೆಗೆ ಆಗುವುದಿಲ್ಲ, ತಲೆಗೆ ಹಚ್ಚಲಂತೂ ಆಗುವುದೇ ಇಲ್ಲ. ಈಗಿನ ರೇಟಿನಲ್ಲಿ ಐದಾರು ಲೀಟರ್ ಕೊಬ್ಬರಿ ಎಣ್ಣೆಯನ್ನ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ದೇವರ ದೀಪಕ್ಕೆ ಹಾಕಿದರೂ ಮುಗಿಯುವ ಹಾಗೆ ಕಾಣುವುದಿಲ್ಲ. ಅದಕ್ಕೇ ಬಟ್ಟೆ ಸೋಪು ಮಾಡೋಣ ಅಂತ ಯೋಚನೆ.

ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬರು ಕಾಸ್ಟಿಕ್ ಸೋಡಾ ಇಲ್ಲದೆ ಸೋಪೇ ಆಗುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಅಂಗಡಿಯ ಸೋಪನ್ನೇ ತುರಿದು, ವಾಷಿಂಗ್ ಸೋಡಾ, ಬೋರಾಕ್ಸ್ ಬೆರೆಸಿ ಇದೇ ಮನೆಯಲ್ಲಿ ಮಾಡಿದ ಪುಡಿ ಅನ್ನುತ್ತಾರೆ. ಮತ್ತೊಬ್ಬರದು ನಿಂಬೆ ಸಿಪ್ಪೆಯ ಬಯೋ ಎಂಜೈಮ್. ನಮ್ಮ ಅತ್ತೆ ಇದೆಲ್ಲ ಕೇಳಿ, ನಮ್ಮ ಕಾಲದಲ್ಲಿ ಬಚ್ಚಲ ಒಲೆಯ ಬೂದಿಯೇ ಸೋಪು, ಸುಮ್ನೆ ಯಾಕೆ ಕಷ್ಟ ಪಡ್ತೀಯ ಅನ್ನುತ್ತಾರೆ.

ನಮ್ಮಲ್ಲಿ ಬಾವಿ ನೀರು. ದಿನದ ಬಟ್ಟೆಗೆ ಮುಂದೆ ಬಾಗಿಲು ಇರುವ ಮಷಿನ್ ಇದೆ, ತೋಟದ ಬಟ್ಟೆಯನ್ನ ಮಾತ್ರ ಒಗೆಯುವ ಕಲ್ಲಿನ ಮೇಲೆ. ಬಚ್ಚಲ ನೀರು, ಬಟ್ಟೆ ಒಗೆದ ನೀರು ಎಲ್ಲ ಸೀದಾ ಬಾಳೆ ಬುಡಕ್ಕೆ, ಅಲ್ಲಿಂದ ತೋಟಕ್ಕೆ ಹೋಗುತ್ತದೆ. ಚಿಕ್ಕ ಮಕ್ಕಳಿದ್ದಾರೆ, ಹಾಗಾಗಿ ಕಾಸ್ಟಿಕ್ ಅಂದರೆ ಸ್ವಲ್ಪ ಭಯ. ಮಾಡಿ ಅಭ್ಯಾಸ ಇರುವವರು ಅಳತೆ ಸಮೇತ ಹೇಳಿ. ಅಡಿಕೆ ಚೊಗರಿನ (ಅಡಿಕೆಯ ಒಗರು ರಸದ) ಕಲೆ ಇದರಲ್ಲಿ ಹೋಗುತ್ತದಾ ಅನ್ನುವುದನ್ನೂ ಹೇಳಿ, ದೀಪಾವಳಿ ಕಳೆದರೆ ನಮ್ಮನೆಯ ಅರ್ಧ ಬಟ್ಟೆ ಅದೇ ಬಣ್ಣ.


ಸಾಗರದಕ್ಕ:

ಧಾರಾಳವಾಗಿ ಮಾಡಬಹುದು ಕಣ್ರೀ. ಕಮಟು ಎಣ್ಣೆ ಸೋಪಿಗೆ ಏನೂ ಅಡ್ಡಿಯಿಲ್ಲ. ಹೊಸ ಎಣ್ಣೆಗಿಂತ ಸ್ವಲ್ಪ ಬೇಗ ಗಟ್ಟಿಯಾಗುತ್ತದೆ, ಅಷ್ಟೇ ವ್ಯತ್ಯಾಸ. ವಾಸನೆ ಪೂರ್ತಿ ಹೋಗುವುದಿಲ್ಲ, ಆದರೆ ತುಂಬಾ ಕಡಿಮೆಯಾಗುತ್ತದೆ. ಒಗೆದು ಒಣಗಿಸಿದ ಬಟ್ಟೆಯಲ್ಲಿ ನನಗಂತೂ ಗೊತ್ತಾಗುವುದಿಲ್ಲ.

ಮೊದಲು ಒಂದು ಮಾತು. ಕಾಸ್ಟಿಕ್ ಇಲ್ಲದೆ ಎಣ್ಣೆ ಸೋಪಾಗುವುದಿಲ್ಲ. ಕಾಸ್ಟಿಕ್ ಇಲ್ಲದ ಸೋಪು ಅಂತ ತೋರಿಸುವವರು ಬೇರೆ ಯಾರೋ ಕಾಸ್ಟಿಕ್ ಹಾಕಿ ಮಾಡಿದ ಸೋಪನ್ನ ತಂದು ಕರಗಿಸುತ್ತಿರುತ್ತಾರೆ. ಅಳತೆ ಸರಿಯಿದ್ದರೆ, ಆಮೇಲೆ ಚೆನ್ನಾಗಿ ಮಾಗಿದರೆ, ಸೋಪಿನೊಳಗೆ ಕಾಸ್ಟಿಕ್ ಉಳಿಯುವುದೇ ಇಲ್ಲ. ಎಲ್ಲ ಎಣ್ಣೆಯ ಜೊತೆ ಸೇರಿ ಸೋಪು, ಗ್ಲಿಸರಿನ್ ಆಗಿಬಿಡುತ್ತದೆ.

ಅಳತೆ ಹೇಳುತ್ತೇನೆ. ಎಲ್ಲ ತೂಕದಲ್ಲೇ, ಲೀಟರ್ ಲೆಕ್ಕದಲ್ಲಿ ಅಲ್ಲ. ಹೊಸಬರು ಎಡವುವುದು ಇಲ್ಲೇ. ಒಂದು ಲೀಟರ್ ಕೊಬ್ಬರಿ ಎಣ್ಣೆ ಒಂದು ಕಿಲೋ ಅಲ್ಲ, ಸುಮಾರು 920 ಗ್ರಾಂ ಬರುತ್ತದೆ. ಕಿಲೋಗೆ ಹೇಳಿದ ಕಾಸ್ಟಿಕ್ಕನ್ನ ಲೀಟರಿಗೆ ಹಾಕಿದರೆ ಕಾಸ್ಟಿಕ್ ಜಾಸ್ತಿಯಾಗಿ ಕೈ ಉರಿಯುವ ಸೋಪಾಗುತ್ತದೆ. 1 ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ನಾವು 175 ಗ್ರಾಂ ಹಾಕುತ್ತೇವೆ. ಒಂದಿಷ್ಟು ಎಣ್ಣೆ ಉಳಿದರೆ ನಷ್ಟವೇನಿಲ್ಲ, ಕಾಸ್ಟಿಕ್ ಉಳಿಯಬಾರದು. ನೀರು 400 ಗ್ರಾಂ. ಮಳೆ ನೀರು ಹಿಡಿದಿಟ್ಟಿದ್ದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ನಿಮ್ಮ ಬಾವಿ ನೀರೇ ಸಾಕು.

ಎಣ್ಣೆಯನ್ನ ಬಟ್ಟೆಯಲ್ಲಿ ಸೋಸಿ ಉಗುರುಬೆಚ್ಚಗೆ ಮಾಡಿಕೊಳ್ಳಿ. ಡಿಸೆಂಬರ್ ಬೆಳಿಗ್ಗೆ ಮಾಡುವುದಾದರೆ ಎಣ್ಣೆ ಹೇಗೂ ಹೆಪ್ಪುಗಟ್ಟಿರುತ್ತದೆ, ಪೂರ್ತಿ ಕರಗಿಸಲೇಬೇಕು. ಆಮೇಲೆ ಅಂಗಳಕ್ಕೆ ಬನ್ನಿ. ಕಾಸ್ಟಿಕ್ಕನ್ನ ನೀರಿಗೆ ಹಾಕಬೇಕು, ನೀರನ್ನ ಕಾಸ್ಟಿಕ್‌ಗೆ ಸುರಿಯಬಾರದು. ಇದನ್ನ ಗೋಡೆ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ತಿರುಗಮುರುಗ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ತಣ್ಣೀರಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕದಡಿದರೂ ಒಲೆಯೇ ಇಲ್ಲದೆ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಗಂಟಲು ಕೆರೆಯುವ ಹಬೆ ಬರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಂತುಕೊಳ್ಳಿ. ರಬ್ಬರ್ ಕೈಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ತುಂಬು ತೋಳಿನ ಅಂಗಿ. ಮಕ್ಕಳನ್ನ, ನಾಯಿಯನ್ನ ಒಳಗೆ ಹಾಕಿ ಚಿಲಕ ಹಾಕಿಬಿಡಿ, ನಾನು ಹಾಗೇ ಮಾಡುವುದು.

ಪಾತ್ರೆ ಸ್ಟೀಲಿನದೇ ಆಗಬೇಕು, ಇಲ್ಲ ದಪ್ಪ ಪ್ಲಾಸ್ಟಿಕ್ ಬಕೆಟ್. ಅಲ್ಯೂಮಿನಿಯಂ ಬೇಡವೇ ಬೇಡ. ಕಾಸ್ಟಿಕ್ ಅದನ್ನ ತಿಂದು ಹಾಕುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಗಾಳಿ ಬಿಡುತ್ತದೆ. ಹಳೇ ಅನ್ನದ ಡಬರಿ ಇದೆ ಅಂತ ತೆಗೆದುಕೊಳ್ಳುವವರು ಇರುತ್ತಾರೆ, ಅದಕ್ಕೇ ಒತ್ತಿ ಹೇಳಿದೆ.

ಕಾಸ್ಟಿಕ್ ನೀರು ಬೆಚ್ಚಗಾಗುವಷ್ಟು ಆರಿದ ಮೇಲೆ ಎಣ್ಣೆಗೆ ನಿಧಾನವಾಗಿ ಸುರಿದು ಕಡೆಯಬೇಕು. ಕೈಯಲ್ಲಿ ಹಿಡಿಯುವ ಬ್ಲೆಂಡರ್ ಇದ್ದರೆ ಬಿಟ್ಟು ಬಿಟ್ಟು ತಿರುಗಿಸಿ, ಕೆಲವೇ ನಿಮಿಷ ಸಾಕು. ಇಲ್ಲದಿದ್ದರೆ ಸ್ಟೀಲ್ ಕಡಗೋಲು. ಮರದ್ದು ಬೇಡ, ದಿನ ಕಳೆದ ಹಾಗೆ ಸವೆದು ಸಿಬಿರು ಏಳುತ್ತದೆ. ಯಾವುದೇ ಆಗಲಿ, ಅದನ್ನ ಆಮೇಲೆ ಅಡುಗೆಮನೆಗೆ ತರಬೇಡಿ. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲಿನಿಂದ ತೊಟ್ಟಿಕ್ಕಿಸಿದರೆ ಗೆರೆ ಮೂಡಿ ಹಾಗೇ ನಿಂತಿತು ಅಂದರೆ ಮುಗಿಯಿತು, ಅಚ್ಚಿಗೆ ಹೊಯ್ಯಿರಿ.

ಕೊಬ್ಬರಿ ಎಣ್ಣೆ ಸೋಪು ಬಹಳ ಬೇಗ ಬಿಗಿಯುತ್ತದೆ. ಬೆಳಿಗ್ಗೆ ಹೊಯ್ದರೆ ಸಂಜೆಯೊಳಗೆ ಕತ್ತರಿಸಬೇಕು. ನಾಳೆ ನೋಡೋಣ ಅಂತ ಬಿಟ್ಟರೆ ಕಲ್ಲಾಗಿ, ಚಾಕು ಹಾಕಿದಲ್ಲೆಲ್ಲ ಒಡೆದು ಹೋಳಾಗುತ್ತದೆ. ಆಗಲೂ ಕೈಗವಸು ಇರಲಿ, ಇನ್ನೂ ಹಸಿ. ಕತ್ತರಿಸಿದ್ದನ್ನ ಗಾಳಿಯಾಡುವಲ್ಲಿ ನಾಲ್ಕು ವಾರ ಇಡಿ. 1 ಕಿಲೋ ಎಣ್ಣೆಗೆ ಒಣಗಿದ ಮೇಲೆ 1.3 ಕಿಲೋ ಮೇಲೆಯೇ ಸೋಪು ಸಿಗುತ್ತದೆ.


ಮೂಡಿಗೆರೆ ಕಾಫಿ:

ಮೈಗೆ ಕಾಸ್ಟಿಕ್ ಬಿದ್ದರೆ ವಿನೆಗರ್, ನಿಂಬೆ ರಸ ಹಾಕಿ ಅಂತ ಆ ವಿಡಿಯೊಗಳಲ್ಲೇ ಹೇಳುತ್ತಾರೆ. ಹಾಕಬೇಡಿ. ನಲ್ಲಿ ಕೆಳಗೆ ಹಿಡಿದು ನೀರು ಬಿಡಿ, ಸಾಕು ಅನಿಸಿದ ಮೇಲೂ ಬಿಡಿ, 15–20 ನಿಮಿಷ. ಕಣ್ಣಿಗೆ ಹಾರಿದರೆ ಅಷ್ಟೇ ಹೊತ್ತು ತೊಳೆದು, ನೋವು ಇಲ್ಲದಿದ್ದರೂ ಸೀದಾ ಆಸ್ಪತ್ರೆಗೆ.


ಕೆಮಿಸ್ಟ್ರಿ ಮೇಷ್ಟ್ರು, ಶಿವಮೊಗ್ಗ:

ಸಾಗರದಕ್ಕ ಹೇಳಿದ ಅಳತೆ ಸರಿಯಾಗಿದೆ. ನನ್ನದು ಬೇರೆ ವಿಷಯ. ಅಂಗಡಿಯಲ್ಲಿ ಬರೀ ಸೋಡಾ ಕೊಡಿ ಅಂತ ಕೇಳಬೇಡಿ. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ, ಕಾಸ್ಟಿಕ್ ಸೋಡಾ ಬೇರೆ. ಮೂರೂ ಬೆಳ್ಳಗೇ ಇರುತ್ತವೆ. ಮೊದಲನೆಯದು ಇಡ್ಲಿಗೆ, ಎರಡನೆಯದು ಬಟ್ಟೆಗೆ, ಮೂರನೆಯದು ಚರ್ಮ ಸುಡುತ್ತದೆ. ಕಾಸ್ಟಿಕ್ ಸಾಮಾನ್ಯವಾಗಿ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಸಿಂಕ್ ಕಟ್ಟಿಕೊಂಡರೆ ಹಾಕುವ ಪುಡಿ ತಂದು ಸೋಪು ಮಾಡಲು ಹೋಗಬೇಡಿ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ. ಕಾಸ್ಟಿಕ್ ಸೋಡಾ ಅಂತಲೇ ಹೆಸರಿದ್ದು, ಬೇರೇನೂ ಬೆರೆಸದ ಪೊಟ್ಟಣ ಬೇಕು.

ಇನ್ನು ಆ ತುರಿದ ಪುಡಿ. ಅದು ಅಮೆರಿಕದ ಕಡೆಯ ರೂಢಿ, ಅಲ್ಲಿ ಬಟ್ಟೆ ಸೋಪಿನ ಬಾರು ತುರಿದು ಬೋರಾಕ್ಸ್, ವಾಷಿಂಗ್ ಸೋಡಾ ಬೆರೆಸುತ್ತಾರೆ. ಬೋರಾಕ್ಸ್ ಅಂದರೆ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಮಕ್ಕಳ ಹೊಟ್ಟೆಗೆ ಹೋದರೆ ವಿಷ. ಅದನ್ನ ಡಬ್ಬಿಗಟ್ಟಲೆ ಬಚ್ಚಲಲ್ಲಿ ಇಟ್ಟುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ವಾಷಿಂಗ್ ಸೋಡಾದ ಮುಖ್ಯ ಕೆಲಸ ಗಡಸು ನೀರನ್ನ ಮೆದು ಮಾಡುವುದು, ನೀರಿನಲ್ಲಿರುವ ಸುಣ್ಣದ ಅಂಶವನ್ನ ಅದು ಕೆಳಗೆ ಕೂರಿಸುತ್ತದೆ. ನಿಮ್ಮ ನೀರಿಗೆ ಅದು ಬೇಕೋ ಬೇಡವೋ ಮನೆಯಲ್ಲೇ ನೋಡಬಹುದು. ಎರಡು ಬಾಟಲಿ ತೆಗೆದುಕೊಳ್ಳಿ, ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬಾವಿ ನೀರು. ಎರಡಕ್ಕೂ ಒಂದೊಂದು ಚೂರು ಸೋಪು ಹಾಕಿ ಕುಲುಕಿ. ಮಳೆ ನೀರಿನಲ್ಲಿ ನೊರೆ ಬಾಟಲಿಯ ಕುತ್ತಿಗೆವರೆಗೂ ಏರಿ ನಿಲ್ಲುತ್ತದೆ. ಬಾವಿ ನೀರಿನಲ್ಲೂ ಹಾಗೇ ಆದರೆ ನಿಮ್ಮದು ಮೆದು ನೀರು. ನೊರೆ ಏಳದೆ ಬಿಳೀ ಬಿಳೀ ಗಸಿ ತೇಲಿದರೆ ಗಡಸು. ಮಲೆನಾಡಿನ ಬಾವಿ, ಅಬ್ಬಿ ನೀರು ಹೆಚ್ಚಿನ ಕಡೆ ಮೆದುವಾಗೇ ಇರುತ್ತದೆ. ಹಾಗಾಗಿ ಎಣ್ಣೆ ಸೋಪು ನಿಮ್ಮ ಊರಿಗೆ ಹೇಳಿ ಮಾಡಿಸಿದ್ದು. ಇದೇ ಸೋಪನ್ನ ಚಿತ್ರದುರ್ಗದ ಕಡೆಯ ನೆಂಟರಿಗೆ ಕೊಟ್ಟು ನೋಡಿ, ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ನೊರೆ ಸರಿಯಾಗಿ ಬರುವುದಿಲ್ಲ ಅಂತ ಬೈಯ್ಯುತ್ತಾರೆ.

ಮಷಿನ್‌ಗೆ ಮಾತ್ರ ಬೇಡ. ಅಂಗಡಿಯ ಪುಡಿ ಸೋಪಲ್ಲ, ಡಿಟರ್ಜೆಂಟ್. ಅದು ತಣ್ಣೀರಿನಲ್ಲೂ ಕರಗಿ ಪೂರ್ತಿ ತೊಳೆದು ಹೋಗುವ ಹಾಗೆ ಮಾಡಿರುತ್ತಾರೆ. ಎಣ್ಣೆ ಸೋಪು ಅಷ್ಟು ಸುಲಭವಾಗಿ ತೊಳೆದು ಹೋಗುವುದಿಲ್ಲ. ಮುಂದೆ ಬಾಗಿಲಿನ ಮಷಿನ್ ಬಳಸುವುದೇ ಕಡಿಮೆ ನೀರು. ಕೈಯಲ್ಲಿ ಒಗೆದರೆ ಕಲ್ಲಿಗೆ ಬಡಿದು, ಹಿಂಡಿ, ಜಾಲಿಸಿ ಸೋಪು ಬಿಡಿಸುತ್ತೀರಿ. ಮಷಿನ್‌ನಲ್ಲಿ ಅದು ಬಟ್ಟೆಯ ಎಳೆಯಲ್ಲಿ, ಬಾಗಿಲಿನ ರಬ್ಬರ್ ಮಡಿಕೆಯಲ್ಲಿ, ಪೈಪಿನೊಳಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಮೊದಲ ಕೆಲವು ಸಲ ಚೆನ್ನಾಗೇ ಕಾಣುತ್ತದೆ. ಆಮೇಲೆ ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಟವೆಲ್ ನೀರು ಹೀರುವುದಿಲ್ಲ, ಮಷಿನ್ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ತುರಿದ ಪುಡಿಯನ್ನ ಹೊಗಳುವ ವಿಡಿಯೊಗಳು ಮೊದಲ ವಾರದಲ್ಲೇ ತೆಗೆದಂಥವು.

ಬಯೋ ಎಂಜೈಮ್ ಬಗ್ಗೆಯೂ ಕೇಳಿದಿರಿ. 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು, ಮೂರು ತಿಂಗಳು. ಅದು ಹುಳಿ ನೀರು. ನೆಲ ಒರೆಸಲು, ಬಚ್ಚಲು ತಿಕ್ಕಲು ಒಳ್ಳೆಯದೇ. ಆದರೆ ಅದನ್ನ ಸೋಪಿನ ಜೊತೆ ಒಂದೇ ಬಕೆಟ್ಟಿಗೆ ಹಾಕಬೇಡಿ. ಹುಳಿ ಬಿದ್ದರೆ ಸೋಪು ಒಡೆದು ಮತ್ತೆ ಜಿಡ್ಡಾಗುತ್ತದೆ. ಡಬಲ್ ಪವರ್ ಅಂತ ಎರಡನ್ನೂ ಬೆರೆಸುವವರು ಬಟ್ಟೆಗೆ ಜಿಡ್ಡು ಬಳಿದ ಹಾಗಾಗುತ್ತದೆ.


ತುಂಗಾತೀರ, ತೀರ್ಥಹಳ್ಳಿ:

ಇಷ್ಟೆಲ್ಲ ಯಾಕೆ, ಅಂಟುವಾಳ ಕಾಯಿ ಇಲ್ವಾ ನಿಮ್ಮ ಕಡೆ? ನಮ್ಮ ಬೇಣದ ಅಂಚಿನಲ್ಲಿ ಒಂದು ಮರ ಇದೆ, ಬೇಸಿಗೆ ಹೊತ್ತಿಗೆ ಕೆಳಗೆಲ್ಲ ಉದುರಿರುತ್ತದೆ. ಬೀಜ ತೆಗೆದು ಸಿಪ್ಪೆ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ವರ್ಷಕ್ಕೆ ಸಾಕು. ರಾತ್ರಿ ಒಂದು ಹಿಡಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿದರೆ ಮುಗಿಯಿತು. ಮಷಿನ್‌ಗೂ ಹಾಕಬಹುದು, ನೊರೆ ಜಾಸ್ತಿ ಬರುವುದಿಲ್ಲ. ಮೂರು ದಿನದ ಮೇಲೆ ಹೊರಗೆ ಇಟ್ಟರೆ ಹುಳಿ ವಾಸನೆ ಬರುತ್ತದೆ, ಅಷ್ಟಕ್ಕಷ್ಟೇ ಮಾಡಿಕೊಳ್ಳಿ. ರೇಷ್ಮೆ ಸೀರೆಗೆ, ಉಣ್ಣೆ ಶಾಲಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಣ್ಣೆ ಸೋಪಿನ ಖಾರಕ್ಕೆ (ಕ್ಷಾರಕ್ಕೆ) ರೇಷ್ಮೆಯ ಹೊಳಪು ಹೋಗುತ್ತದೆ. ಅಕ್ಕಸಾಲಿಗರು ಚಿನ್ನ ತೊಳೆಯುವುದೂ ಇದರಲ್ಲೇ ಅಲ್ವಾ.


ಸಾಗರದಕ್ಕ:

ತುಂಗಾತೀರದವರೇ, ಸೀರೆಗೆ ಸರಿ. ಗೊಬ್ಬರ ಹೊತ್ತು ಬಂದ ಲುಂಗಿಗೆ ಅಂಟುವಾಳ ಹಾಕಿ ನೋಡಿ, ಆಮೇಲೆ ಮಾತಾಡೋಣ. ಕಾಲರಿನ ಜಿಡ್ಡು, ಕೆಮ್ಮಣ್ಣು ಅದರಲ್ಲಿ ಪೂರ್ತಿ ಹೋಗುವುದಿಲ್ಲ.

ಇನ್ನೊಂದು, ಅಂಟುವಾಳ ಸಹಜ ಅಂತ ಒಗೆದ ನೀರನ್ನ ಸೀದಾ ಹಳ್ಳಕ್ಕೆ ಬಿಡಬೇಡಿ. ಹಿಂದೆ ಮೀನು ಹಿಡಿಯಲು ಇದೇ ಕಾಯಿಯನ್ನ ಜಜ್ಜಿ ಗುಂಡಿಗೆ ಹಾಕುತ್ತಿದ್ದರು, ಮೀನು ಅಮಲೇರಿ ಮೇಲೆ ತೇಲುತ್ತಿತ್ತು. ನಿಮ್ಮ ತೀರ್ಥಹಳ್ಳಿ ಹತ್ತಿರವೇ ಚಿಬ್ಬಲಗುಡ್ಡೆಯಲ್ಲಿ ದೇವರ ಮೀನು ಅಂತ ಅಕ್ಕಿ, ಮಂಡಕ್ಕಿ ಹಾಕುತ್ತೇವೆ, ಅದರ ಮೇಲ್ಗಡೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತೇವೆ. ಯಾವ ಸೋಪೇ ಆಗಲಿ, ಹೊಳೆಗಲ್ಲ, ಮಣ್ಣಿಗೆ ಹೋಗಲಿ.


ತುಂಗಾತೀರ, ತೀರ್ಥಹಳ್ಳಿ:

ಮೀನಿನ ವಿಷಯ ಒಪ್ಪಿದೆ. ಲುಂಗಿಯ ವಿಷಯದಲ್ಲಿ ಜೊತೆಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿದರೆ ಹೋಗುತ್ತದೆ ಅಂತಲೇ ನನ್ನ ವಾದ.


ಕೊಪ್ಪದ ಕೊನೆಗಾರ:

ಚೊಗರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಕೆಲಸವೇ ಅಡಿಕೆ ಕೊನೆ (ಗೊನೆ) ತೆಗೆಯುವುದು, ಸುಲಿಯುವ ಮನೆಗಳಲ್ಲೇ ಸೀಸನ್ ಕಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಚೊಗರಿನ ಕಲೆಗೆ ಮೊದಲು ಸೋಪು ಹಾಕಲೇಬಾರದು. ಎಲೆ ಅಡಿಕೆಗೆ ಸುಣ್ಣ ಹಚ್ಚಿದರೆ ಬಾಯಿ ಕೆಂಪಾಗುತ್ತದೆ ಅಲ್ವಾ, ಸುಣ್ಣ ಇಲ್ಲದೆ ಬರೀ ಅಡಿಕೆ ಜಗಿದರೆ ಅಷ್ಟು ಕೆಂಪು ಬರುವುದಿಲ್ಲ. ಬಟ್ಟೆಯ ಮೇಲೂ ಅದೇ ಆಟ. ಸೋಪು, ಸೋಡಾ, ಬೂದಿ ಎಲ್ಲ ಸುಣ್ಣದ ಜಾತಿಗೇ ಸೇರಿದವು, ಖಾರ. ಚೊಗರಿನ ಮೇಲೆ ಸೋಪು ತಿಕ್ಕಿದ ತಕ್ಷಣ ತೆಳು ಕಂದು ಇದ್ದದ್ದು ಕಡು ಕೆಂಪಾಗುವುದನ್ನ ಕಣ್ಣಾರೆ ನೋಡಬಹುದು. ಸಾರಿನ ಅರಿಶಿನ ಬಿದ್ದ ಅಂಗಿಗೆ ಸೋಪು ಹಚ್ಚಿದಾಗಲೂ ಕೆಂಪಾಗುತ್ತದಲ್ಲ, ಆದರೆ ಅರಿಶಿನ ಬಿಸಿಲಿಗೆ ಹಾಕಿದರೆ ಬಿಡುತ್ತದೆ, ಚೊಗರು ಬಿಡುವುದಿಲ್ಲ.

ಕಲೆ ಹಸಿ ಇರುವಾಗಲೇ ಬರೀ ತಣ್ಣೀರಿನಲ್ಲಿ ಜಾಲಿಸಬೇಕು. ಅದೇ ಅರ್ಧ ಕೆಲಸ. ಆಮೇಲೆ ನಿಂಬೆ ಹುಳಿಯೋ, ಹುಳಿ ಮಜ್ಜಿಗೆಯೋ ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಿರಿ. ಸೋಪು ಕೊನೆಗೆ. ನಿಮ್ಮದು ಬೋರಿನ ನೀರಾಗಿದ್ದು, ಹಿಡಿದಿಟ್ಟರೆ ಬಕೆಟ್ಟಿನ ತಳದಲ್ಲಿ ಕೆಂಪು ಗಸಿ ಕೂರುತ್ತದೆ ಅನ್ನುವುದಾದರೆ ಅದರಲ್ಲಿ ಕಬ್ಬಿಣ ಇದೆ ಅಂತ ಅರ್ಥ. ಜಂಬಿಟ್ಟಿಗೆ ನೆಲದಲ್ಲಿ ಹಾಗೆ ಬರುತ್ತದೆ. ಚೊಗರು ಕಬ್ಬಿಣ ಸೇರಿದರೆ ಕಪ್ಪು, ಅದನ್ನ ಯಾವ ಸೋಪಿನಿಂದಲೂ ತೆಗೆಯಲಾಗುವುದಿಲ್ಲ. ಕತ್ತಿ ಒರೆಸಿದ ಬಟ್ಟೆ ನೋಡಿದರೆ ಗೊತ್ತಾಗುತ್ತದೆ.

ಇಷ್ಟಾಗಿ, ಅಡಿಕೆ ಬೇಯಿಸುವ ದಿನ ಹಾಕುವ ಬಟ್ಟೆಯನ್ನ ಬೇರೆಯೇ ಇಟ್ಟುಬಿಡಿ. ಅದನ್ನ ಬೆಳ್ಳಗೆ ಮಾಡುವ ಹಠ ಯಾಕೆ.


ತೋಟದಮನೆ, ಹೊಸನಗರ:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಬಾಟಲಿ ಕುಲುಕಿ ನೋಡಿದೆ ಮೇಷ್ಟ್ರೇ, ಬಾವಿ ನೀರಿನಲ್ಲೂ ಮಳೆ ನೀರಿನಷ್ಟೇ ನೊರೆ ಬಂತು. ಮಷಿನ್ ಆಸೆ ಬಿಟ್ಟೆ. ಕಲ್ಲಿನ ಮೇಲಿನ ಬಟ್ಟೆಗೆ ಮಾಡುತ್ತೇನೆ.

ಇನ್ನು ಕೆಲವು ಪ್ರಶ್ನೆ ಇವೆ, ಬೇಜಾರು ಮಾಡಿಕೊಳ್ಳಬೇಡಿ. ಅತ್ತೆ ಬೂದಿಯನ್ನ ಬಿಡುತ್ತಿಲ್ಲ, ಬೂದಿಯಿಂದಲೇ ಸೋಪು ಮಾಡಲು ಬರುವುದಿಲ್ಲವಾ? ಹಪ್ಪಳ, ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನ ಇದರ ಜೊತೆ ಸೇರಿಸಬಹುದಾ? ಸ್ವಲ್ಪ ಪರಿಮಳಕ್ಕೆ ಏನು ಹಾಕುವುದು, ಗಂಧ ಹಾಕಿದರೆ ಹೇಗೆ? ಅಚ್ಚಿಗೆ ಅಡಿಕೆ ಹಾಳೆ ಆಗುತ್ತದಾ? ತೋಟಕ್ಕೆ ಆ ನೀರು ಹೋದರೆ ಬಾಳೆಗೆ ಏನಾದರೂ ಆಗುತ್ತದಾ? ಮತ್ತೆ ಯಾವಾಗ ಮಾಡಲಿ?


ಕೆಮಿಸ್ಟ್ರಿ ಮೇಷ್ಟ್ರು, ಶಿವಮೊಗ್ಗ:

ನಿಮ್ಮ ಅತ್ತೆಯವರ ಮಾತು ತಪ್ಪಲ್ಲ. ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ನೀರಿಗೆ ಇಳಿಯುತ್ತದೆ. ಆ ತಿಳಿ ನೀರಿನಲ್ಲಿ ಬಟ್ಟೆ ಕುದಿಸಿದರೆ ಕೊಳೆ ಬಿಡುತ್ತದೆ. ಮಡಿವಾಳರು ಉಬ್ಬೆ ಹಾಕುತ್ತಿದ್ದದ್ದು, ಅಂದರೆ ಬಟ್ಟೆಯನ್ನ ಹಬೆಯಲ್ಲಿ ಬೇಯಿಸುತ್ತಿದ್ದದ್ದು, ಇದೇ ಖಾರದ ನಂಬಿಕೆಯ ಮೇಲೆ. ಆದರೆ ಅದು ಒಗೆಯುವುದಾಯಿತು, ಸೋಪಾಗಲಿಲ್ಲ. ಸೋಪಾಗಬೇಕಾದರೆ ಆ ಬೂದಿ ನೀರಿಗೆ ಸುಣ್ಣ ಹಾಕಿ ಕುದಿಸಬೇಕು, ಆಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅದರಿಂದ ಮಾಡಿದ್ದು ಗಟ್ಟಿ ಬಾರ್ ಆಗುವುದಿಲ್ಲ, ಲೇಹದ ಥರ ಮೆತ್ತಗೇ ಉಳಿಯುತ್ತದೆ. ಅದೂ ದೊಡ್ಡ ತೊಂದರೆ ಅಲ್ಲ. ತೊಂದರೆ ಏನೆಂದರೆ ಬೂದಿ ನೀರಿನ ಖಾರ ಎಷ್ಟಿದೆ ಅಂತ ತೂಗಲು ಬರುವುದಿಲ್ಲ. ಯಾವ ಮರದ ಬೂದಿ, ಎಷ್ಟು ನೀರು, ಎಷ್ಟು ಹೊತ್ತು ಬಿಟ್ಟಿರಿ ಅನ್ನುವುದರ ಮೇಲೆ ಪ್ರತಿ ಸಲ ಬೇರೆ. ಅಂದಾಜಿನ ಮೇಲೆ ಸೋಪು ಮಾಡುವುದು ಅನುಭವಸ್ಥರಿಗೆ ಬಿಟ್ಟಿದ್ದು. ಪಾತ್ರೆಗೆ ಬೂದಿ, ಬಟ್ಟೆಗೆ ಸೋಪು ಅಂತ ರಾಜಿ ಮಾಡಿಕೊಳ್ಳಿ.

ಗಂಧ ಕೇಳಿದಿರಿ, ನಗು ಬಂತು. ನಮ್ಮ ಶಿವಮೊಗ್ಗದಲ್ಲೇ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿತ್ತು, ಹೆಮ್ಮೆ ಪಡಿ, ಆದರೆ ಗೊಬ್ಬರದ ಲುಂಗಿ ಒಗೆಯುವ ಸೋಪಿಗೆ ಆ ಎಣ್ಣೆ ಹಾಕುವುದು ಬೇಡ. ಬೆಲೆ ಕೇಳಿದರೆ ನೀವೇ ಬಿಡುತ್ತೀರಿ. ಮಜ್ಜಿಗೆ ಹುಲ್ಲಿನ ಎಣ್ಣೆ ಸಿಕ್ಕರೆ ಕಿಲೋಗೆ ಎರಡು ಚಮಚ ಸಾಕು, ಕಮಟನ್ನ ಚೆನ್ನಾಗಿ ಮುಚ್ಚುತ್ತದೆ. ಹುಲ್ಲನ್ನೇ ಅರೆದು ಹಾಕಬೇಡಿ, ಸೊಪ್ಪು ಸದೆ ಹಾಕಿದರೆ ಕಂದಾಗಿ ಬಟ್ಟೆಗೆ ಕಲೆ.


ಸಾಗರದಕ್ಕ:

ಕರಿದ ಎಣ್ಣೆ ಸೇರಿಸಬಹುದು, ಆದರೆ ಕಾಸ್ಟಿಕ್ ಲೆಕ್ಕ ಬದಲಾಗುತ್ತದೆ ನೆನಪಿಡಿ. ಸೂರ್ಯಕಾಂತಿ ಎಣ್ಣೆಗಾಗಲಿ, ಹೊಂಗೆ ಎಣ್ಣೆಗಾಗಲಿ ಕಿಲೋಗೆ 130 ಗ್ರಾಂ ಕಾಸ್ಟಿಕ್ ಸಾಕು, ಕೊಬ್ಬರಿ ಎಣ್ಣೆಯಷ್ಟು ಅದು ಕುಡಿಯುವುದಿಲ್ಲ. ಅರ್ಧ ಕಿಲೋ ಕರಿದ ಎಣ್ಣೆ, ಒಂದು ಕಿಲೋ ಕೊಬ್ಬರಿ ಎಣ್ಣೆ ಸೇರಿಸಿದಿರಿ ಅಂದರೆ 65 ಮತ್ತು 175, ಒಟ್ಟು 240 ಗ್ರಾಂ. ನೀರು ಅದಕ್ಕೆ ತಕ್ಕ ಹಾಗೆ 550 ಗ್ರಾಂ. ಕರಿದ ಎಣ್ಣೆಯನ್ನ ಮೊದಲು ನೀರು ಹಾಕಿ ಕುದಿಸಿ, ತಣಿಯಲು ಬಿಟ್ಟು, ಮೇಲಿನ ಎಣ್ಣೆ ಮಾತ್ರ ತೆಗೆದುಕೊಳ್ಳಿ. ಉಪ್ಪು, ಖಾರ, ಹಿಟ್ಟಿನ ಕರಿ ಎಲ್ಲ ನೀರಿಗೆ ಇಳಿಯುತ್ತದೆ. ಇದರ ಪಾಲು ಜಾಸ್ತಿಯಾದರೆ ಸೋಪು ಮೆತ್ತಗಾಗುತ್ತದೆ, ಬೇಗ ಕರಗುತ್ತದೆ. ಮೂರನೇ ಒಂದು ಪಾಲು ದಾಟಬೇಡಿ.

ಅಚ್ಚಿಗೆ ಅಡಿಕೆ ಹಾಳೆ ಬೇಡ. ಹಸಿ ಸೋಪಿನ ಖಾರಕ್ಕೆ ಹಾಳೆಯ ಚೊಗರು ಬಿಟ್ಟು ಸೋಪಿನ ಅಂಚೆಲ್ಲ ಕೆಂಪಾಗುತ್ತದೆ, ಕೊಪ್ಪದವರು ಹೇಳಿದ್ದು ಇಲ್ಲೂ ಬಂತು ನೋಡಿ. ತೋಟದ ಮನೆ ಅಂದ ಮೇಲೆ ಪಿವಿಸಿ ಪೈಪಿನ ತುಂಡು ಎಲ್ಲಾದರೂ ಬಿದ್ದೇ ಇರುತ್ತದೆ. ಎರಡೂವರೆ ಇಂಚಿನದು, ಒಂದು ಅಡಿ ಉದ್ದ. ಒಳಗೆ ಪ್ಲಾಸ್ಟಿಕ್ ಹಾಳೆ ಸುರುಳಿ ಸುತ್ತಿ ಇಟ್ಟು, ಒಂದು ಬಾಯಿಗೆ ಕವರ್ ಕಟ್ಟಿ ನಿಲ್ಲಿಸಿ ಹೊಯ್ಯಿರಿ. ಗಟ್ಟಿಯಾದ ಮೇಲೆ ಹಿಂದಿನಿಂದ ತಳ್ಳಿದರೆ ಉದ್ದಕ್ಕೆ ಜಾರಿ ಬರುತ್ತದೆ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ. ಕೈಯಲ್ಲಿ ಹಿಡಿದು ಉಜ್ಜಲು ದುಂಡನೆಯದೇ ಅನುಕೂಲ. ಹಾಲಿನ ದಪ್ಪ ರಟ್ಟಿನ ಡಬ್ಬಿಯೂ ಆಗುತ್ತದೆ, ಒಳಗೆ ಬೆಳ್ಳಿ ಬಣ್ಣದ ಹಾಳೆ ಇರಬಾರದು ಅಷ್ಟೇ. ಅದೂ ಅಲ್ಯೂಮಿನಿಯಂ.

ಮಳೆಗಾಲದಲ್ಲಿ ಮಾತ್ರ ಶುರು ಮಾಡಬೇಡಿ. ನಮ್ಮ ಕಡೆಯ ತೇವಕ್ಕೆ ಕಾಸ್ಟಿಕ್ ಚಕ್ಕೆ ಪೊಟ್ಟಣ ಬಿಚ್ಚಿ ತೂಗುವಷ್ಟರಲ್ಲಿ ಬೆವರುತ್ತದೆ. ಹಾಗೆ ನೀರು ಎಳೆದ ಕಾಸ್ಟಿಕ್ ತೂಕಕ್ಕೆ ಸರಿ ಕಂಡರೂ ಖಾರ ಕಡಿಮೆ, ಸೋಪು ಎಣ್ಣೆ ಎಣ್ಣೆಯಾಗಿ ಉಳಿಯುತ್ತದೆ. ಸೋಪೂ ಒಣಗುವುದಿಲ್ಲ, ಮೇಲೆ ನೀರಿನ ಹನಿ ಕಟ್ಟುತ್ತದೆ. ಅಡಿಕೆ ಮುಗಿದ ಮೇಲೆ, ಫೆಬ್ರವರಿ, ಮಾರ್ಚ್ ಒಳ್ಳೆಯದು. ಕೊಬ್ಬರಿ ಒಣಗಿಸುವ ಅಟ್ಟದ ಮೇಲೆ ಇಡಿ, ಬಿಸಿಲಿಗೆ ಇಡಬೇಡಿ. ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಅದು ಗಾಳಿ ತಾಗಿ ಆದ ಸೋಡಾ, ಒರೆಸಿದರೆ ಹೋಗುತ್ತದೆ.

ಈ ಸೋಪಿನಲ್ಲಿ ಸ್ನಾನ ಮಾಡಲು ಹೋಗಬೇಡಿ, ಮೈ ಒಣಗಿ ಬಿರಿಯುತ್ತದೆ.


ಕೊಪ್ಪದ ಕೊನೆಗಾರ:

ತೋಟದ ನೀರಿನ ಬಗ್ಗೆ ನನಗೆ ತಿಳಿದಷ್ಟು. ಎಣ್ಣೆ ಸೋಪಿನ ನೀರು ಬಾಳೆಗೆ ಹೋದರೆ ದೊಡ್ಡ ಕೇಡಿಲ್ಲ. ವಾಷಿಂಗ್ ಸೋಡಾ ಸುರಿದ ನೀರು ಜಾಸ್ತಿ ಕೆಟ್ಟದ್ದು, ಅದರಲ್ಲಿ ಸೋಡಿಯಂ ತುಂಬಾ ಇರುತ್ತದೆ, ಒಂದೇ ಕಡೆ ಬೀಳುತ್ತಾ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ನಮ್ಮಲ್ಲಿ ಮಳೆ ಇಷ್ಟು ಹೊಡೆಯುವುದರಿಂದ ವರ್ಷಕ್ಕೊಮ್ಮೆ ಎಲ್ಲ ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಕಾಲುವೆಯ ಬಾಯಿ ಆಗಾಗ ಬದಲಿಸಿ, ಒಂದು ವಾರ ಈ ಬಾಳೆ ಹಿಂಡಲಿಗೆ, ಒಂದು ವಾರ ಆ ಹಿಂಡಲಿಗೆ. ಸಸಿಗಳಿಗೆ ಬಿಡಬೇಡಿ.


ಮೂಡಿಗೆರೆ ಕಾಫಿ:

ತಕ್ಕಡಿ ಬಗ್ಗೆ ಯಾರೂ ಹೇಳಲಿಲ್ಲ. ಕಾಳುಮೆಣಸು ತೂಗುವ ತೂಗು ತಕ್ಕಡಿಯಲ್ಲಿ 175 ಗ್ರಾಂ ಸರಿಯಾಗಿ ಬರುವುದಿಲ್ಲ. ಅಡುಗೆಮನೆಗೆ ಅಂತ ಮಾರುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಒಂದು ಗ್ರಾಂವರೆಗೆ ತೋರಿಸುವಂಥದ್ದು. ಉಳಿದ ಕಾಸ್ಟಿಕ್ಕನ್ನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ದೊಡ್ಡದಾಗಿ ಹೆಸರು ಬರೆದು, ಬೀಗ ಇರುವ ಕಪಾಟಿನಲ್ಲಿ ಇಡಿ. ಸಕ್ಕರೆ, ಉಪ್ಪಿನ ಹಳೇ ಡಬ್ಬಿಗೆ ಹಾಕಿಡುವುದು ಬೇಡ, ಹಾಗೇ ಅನಾಹುತ ಆಗುವುದು.


ತೋಟದಮನೆ, ಹೊಸನಗರ:

ತಕ್ಕಡಿ ಇದೆ, ಕೇಕ್ ಮಾಡಲು ಮಗಳು ತರಿಸಿಕೊಂಡಿದ್ದು, ಬಡಿದಾಡಿ ತೆಗೆದುಕೊಳ್ಳುತ್ತೇನೆ. ಪೈಪಿನ ತುಂಡಿಗೇನೂ ಕೊರತೆ ಇಲ್ಲ. ಮೊದಲ ಸಲ ಒಂದೇ ಕಿಲೋ ಎಣ್ಣೆಯಲ್ಲಿ ಮಾಡುತ್ತೇನೆ, ಕರಿದ ಎಣ್ಣೆ ಸದ್ಯ ಬೇಡ. ಅಲ್ಲಿಯವರೆಗೆ ಎಣ್ಣೆ ಇನ್ನೂ ಕೆಡದ ಹಾಗೆ ಇಡಲು ಏನು ಮಾಡಬೇಕು ಅಕ್ಕ?


ಸಾಗರದಕ್ಕ:

ತಳದ ಗಸಿ ಬಿಟ್ಟು ಮೇಲಿನದನ್ನ ಒಣಗಿದ ಕ್ಯಾನಿಗೆ ಬಗ್ಗಿಸಿ, ಬಾಯಿವರೆಗೂ ತುಂಬಿಸಿ ಮುಚ್ಚಳ ಬಿಗಿ ಮಾಡಿ ಕತ್ತಲೆ ಕೋಣೆಯಲ್ಲಿ ಇಡಿ. ಗಾಳಿ, ನೀರು, ಬೆಳಕು ಈ ಮೂರು ತಾಗದಿದ್ದರೆ ಸಾಕು, ಮಾರ್ಚ್‌ವರೆಗೆ ಇರುತ್ತದೆ. ಇನ್ನಷ್ಟು ಕಮಟಾದರೂ ಸೋಪು ಆಗೇ ಆಗುತ್ತದೆ, ಮಜ್ಜಿಗೆ ಹುಲ್ಲಿನ ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ.